ವಂಶವನ್ನು ಹಿಂಬಾಲಿಸಿದ ಊತ

ಜೇನುಹುಳು ಕಚ್ಚಿದಾಗ ತುಟಿ ಊದಿಕೊಳ್ಳುವುದನ್ನು ನೀವು ಕಂಡಿರಬಹುದು. ಒಗ್ಗದ ಆಹಾರವನ್ನು ತಿಂದಾಗ ಮೈಮೇಲೆ ತುರಿಕೆಯ ಗಾದರಿಗಳೆದ್ದು, ಕಣ್ಣಿನ ರೆಪ್ಪೆಗಳು ಊದುವುದೂ ಉಂಟು. ಇಂತಹ ಊತಕ್ಕೆ ಮುಖ್ಯವಾಗಿ ಹಿಸ್ಟಮಿನ್ ಎಂಬ ರಾಸಾಯನಿಕ ವಸ್ತುವು ಕಾರಣ. ಅದನ್ನು ತಡೆಯುವ ಔಷಧದಿಂದ ಊತವು ಇಳಿಯುತ್ತದೆ. ಆದರೆ ನೋಟಕ್ಕೆ ಹೀಗೆಯೇ ಇದ್ದರೂ ಆ ಔಷಧಕ್ಕೆ ಜಗ್ಗದ ಇನ್ನೊಂದು ಊತವಿದೆ. ಅದರಲ್ಲಿ ತುರಿಕೆಯಿಲ್ಲ, ಗಾದರಿಯಿಲ್ಲ. ಕೈ, ಕಾಲು, ಮುಖಗಳು ಕೆಲವೇ ಗಂಟೆಗಳಲ್ಲಿ ಊದಿ, ಎರಡು ಮೂರು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಕರುಳು ಊದಿದರೆ ಸಹಿಸಲಾಗದ ಹೊಟ್ಟೆನೋವು. ಗಂಟಲು ಊದಿದರೆ ಉಸಿರೇ ಕಟ್ಟೀತು. ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ಈ ವ್ಯಾಧಿಗೆ ಆನುವಂಶಿಕ ಆಂಜಿಯೋಎಡಿಮಾ ಎಂದು ಹೆಸರು.

1882ರಲ್ಲಿ ಜರ್ಮನಿಯ ವೈದ್ಯ ಹೈನ್ರಿಕ್ ಕ್ವಿಂಕೆ ಅವರು ಇಂತಹ ಊತವನ್ನು ವಿವರವಾಗಿ ವರ್ಣಿಸಿದರು. 1888ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿದ್ದ ವಿಲಿಯಂ ಆಸ್ಲರ್ ಅವರು ಒಂದೇ ಕುಟುಂಬದ ಐದು ತಲೆಮಾರುಗಳಲ್ಲಿ ಅದರ ಜಾಡನ್ನು ಹಿಡಿದು, ಅದು ವಂಶಪಾರಂಪರ್ಯವಾಗಿ ಬರುವುದೆಂದು ತೋರಿಸಿದರು. ರೋಗಿಯ ಅಜ್ಜ, ಮುತ್ತಜ್ಜಂದಿರ ವಿಚಾರವನ್ನೂ ಕೇಳಿ ತಿಳಿಯುವ ಆ ತಾಳ್ಮೆಯು ದೊಡ್ಡದು. ಆದರೂ ನರಗಳ ವಿಕಾರವೇ ಇದರ ಮೂಲವೆಂದು ಆ ಕಾಲದವರು ಬಗೆದರು. ರೋಗದ ಹೆಸರಿನಲ್ಲಿಯೇ 'ನ್ಯೂರೋಟಿಕ್' ಎಂಬ ಪದವು ಸೇರಿಕೊಂಡು ಬಹುಕಾಲ ಉಳಿಯಿತು. ಉಸಿರಿಗಾಗಿ ಹೋರಾಡುವವನನ್ನು ನರದೌರ್ಬಲ್ಯದವನೆಂದು ಕರೆದಂತಾಯಿತು!

ನಿಜವಾದ ಕಾರಣವು ರಕ್ತದಲ್ಲಿತ್ತು. ಈ ರೋಗಿಗಳಲ್ಲಿ ಸಿ1 ಪ್ರತಿಬಂಧಕ ಎಂಬ ಪ್ರೋಟೀನಿನ ಕೊರತೆಯಿದೆಯೆಂದು 1963ರಲ್ಲಿ ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಇವಾನ್ಸ್ ಅವರು ಕಂಡುಹಿಡಿದರು. ಕೆರೆಯ ತೂಬನ್ನು ತೆರೆದ ನೀರುಗಂಟಿಯು ಸಕಾಲದಲ್ಲಿ ಮುಚ್ಚದಿದ್ದರೆ ಗದ್ದೆಗಳೆಲ್ಲ ಜಲಾವೃತವಾಗುವುವಷ್ಟೆ. ಈ ಪ್ರೋಟೀನು ಅಂತಹ ನೀರುಗಂಟಿ. ಅದು ಸಾಲದಾದಾಗ ರಕ್ತದಲ್ಲಿ ಬ್ರಾಡಿಕೈನಿನ್ ಎಂಬ ವಸ್ತುವು ಮಿತಿಮೀರಿ ಹುಟ್ಟುತ್ತದೆ. ಸೂಕ್ಷ್ಮ ರಕ್ತನಾಳಗಳ ಗೋಡೆಗಳಿಂದ ದ್ರವವು ಸೋರಿ ಅಂಗಾಂಶಗಳಲ್ಲಿ ತುಂಬಿಕೊಳ್ಳುತ್ತದೆ. ಹಿಸ್ಟಮಿನ್ ಇಲ್ಲಿ ಅಪರಾಧಿಯೇ ಅಲ್ಲದಿರುವುದರಿಂದ ಅದನ್ನು ತಡೆಯುವ ಔಷಧವು ನಿಷ್ಫಲ.

ಬ್ರಾಡಿಕೈನಿನ್‌ನ ಶೋಧವೂ ಕುತೂಹಲಕರವಾದುದು. 1949ರಲ್ಲಿ ಬ್ರೆಜಿಲ್ ದೇಶದ ರೋಚಾ ಎ ಸಿಲ್ವಾ ಮತ್ತು ಸಂಗಡಿಗರು ಜರರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷವನ್ನು ಪರೀಕ್ಷಿಸುತ್ತಿದ್ದಾಗ ಅದು ಗೋಚರಿಸಿತು. ಅದೇ ವಿಷದ ಅಧ್ಯಯನವು ಮುಂದೆ ರಕ್ತದೊತ್ತಡವನ್ನಿಳಿಸುವ ಒಂದು ವರ್ಗದ ಗುಳಿಗೆಗಳಿಗೆ ದಾರಿಮಾಡಿತು. ಅವು ಬ್ರಾಡಿಕೈನಿನ್ ಕರಗದಂತೆ ತಡೆಯುವುದರಿಂದ, ವಂಶದ ದೋಷವಿಲ್ಲದ ಕೆಲವರಲ್ಲಿಯೂ ನಾಲಗೆ, ತುಟಿಗಳು ಊದುವುದುಂಟು.

ಇಂದು ದಾನಿಗಳ ರಕ್ತದಿಂದ ಬೇರ್ಪಡಿಸಿದ ಆ ಪ್ರೋಟೀನನ್ನೇ ರೋಗಿಗೆ ಕೊಡಬಹುದು. ಬ್ರಾಡಿಕೈನಿನ್ ತನ್ನ ಕೆಲಸವನ್ನು ಮಾಡದಂತೆ ತಡೆಯುವ ಇಕಾಟಿಬಾಂಟ್ ಎಂಬ ಚುಚ್ಚುಮದ್ದಿಗೆ 2008ರಲ್ಲಿ ಯುರೋಪಿನಲ್ಲಿ ಅನುಮತಿ ದೊರೆಯಿತು. ಇವು ಬಹಳ ದುಬಾರಿ. ದೊರೆಯದೆಡೆಗಳಲ್ಲಿ ವೈದ್ಯರು ಶೀತಲೀಕರಿಸಿಟ್ಟ ರಕ್ತದ್ರವವನ್ನು ಕೊಡುತ್ತಾರೆ.

ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಹಲ್ಲು ಕೀಳಿಸಿದ ಮೇಲೆ ಗಂಟಲು ಊದುವ ಅಪಾಯವಿರುವುದರಿಂದ, ಅಂತಹ ಮನೆತನದವರು ದಂತವೈದ್ಯರಿಗೆ ವಿಷಯವನ್ನು ಮೊದಲೇ ತಿಳಿಸಿ, ಮುನ್ನೆಚ್ಚರಿಕೆಯ ಔಷಧವನ್ನು ಪಡೆದ ಬಳಿಕವೇ ಹಲ್ಲನ್ನು ತೆಗೆಸಿಕೊಳ್ಳುತ್ತಾರೆ.