ಸತ್ತ ಡೆಕ್ಸ್ಟರ್ ಮತ್ತೆ ಎದ್ದು ಬಂದಿದ್ದು ಹೇಗೆ? ಮುಗಿದ ಸೀರಿಯಲ್‌ಗೆ ಜೀವ ಕೊಡೋರ ಲೆಕ್ಕಾಚಾರ ಏನು?

ಅಮೆರಿಕದ ಕ್ರೈಂ ಸೀರಿಯಲ್ ‘ಡೆಕ್ಸ್ಟರ್’ 2013ರಲ್ಲಿ ಮುಗಿದಿತ್ತು. ಎಂಟು ವರ್ಷ ಬಿಟ್ಟು ಮತ್ತೆ ಶುರುವಾಯ್ತು. 2022ರ ಜನವರಿಯಲ್ಲಿ ಹೀರೋ ಗುಂಡೇಟು ತಿಂದು ಸತ್ತ. 2025ರ ಜುಲೈನಲ್ಲಿ ಅದೇ ಹೀರೋ ಆಸ್ಪತ್ರೆ ಬೆಡ್ ಮೇಲೆ ಕಣ್ಣು ಬಿಟ್ಟ. ಈಗ ಇನ್ನೊಂದು ಸೀಸನ್‌ಗೂ ಒಪ್ಪಿಗೆ ಸಿಕ್ಕಿದೆ.

ಕನ್ನಡ ಧಾರಾವಾಹಿ ನೋಡೋರಿಗೆ ಇದೇನು ಹೊಸದಲ್ಲ. ಸತ್ತ ಅಂದುಕೊಂಡ ಗಂಡ ತಿಥಿ ದಿನವೇ ಬಾಗಿಲಲ್ಲಿ ಬಂದು ನಿಲ್ಲೋದನ್ನ ಅವರು ಬೇಕಾದಷ್ಟು ಸಲ ನೋಡಿದ್ದಾರೆ. ಆದರೆ ಡೆಕ್ಸ್ಟರ್ ವಿಷಯ ಸ್ವಲ್ಪ ಬೇರೆ. ಇಲ್ಲಿ ಹೀರೋನೇ ಸರಣಿ ಹಂತಕ. ಅವನು ಸಾಯಬೇಕಾ, ಬದುಕಬೇಕಾ ಅನ್ನೋದು ಬರೀ ಟಿಆರ್‌ಪಿ ಪ್ರಶ್ನೆ ಅಲ್ಲ. ಮಾಡಿದ ಕೊಲೆಗಳಿಗೆ ಅವನು ಬೆಲೆ ಕಟ್ಟಬೇಕಾ ಬೇಡವಾ ಅನ್ನೋ ಪ್ರಶ್ನೆಯೂ ಹೌದು.

(ಇನ್ನೂ ನೋಡದವರು ಗಮನಿಸಿ: ಕಥೆಯ ಮುಖ್ಯ ತಿರುವುಗಳು, ಕೊನೆಗಳು ಎಲ್ಲವೂ ಈ ಲೇಖನದಲ್ಲಿವೆ.)

ಯಾರೀ ಡೆಕ್ಸ್ಟರ್?

ಡೆಕ್ಸ್ಟರ್ ಮಾರ್ಗನ್ ಅಮೆರಿಕದ ಮಯಾಮಿ ನಗರದ ಪೊಲೀಸ್ ಇಲಾಖೆಯಲ್ಲಿ ರಕ್ತದ ಕಲೆ ಪರೀಕ್ಷೆ ಮಾಡೋ ತಜ್ಞ. ಕೊಲೆ ನಡೆದ ಜಾಗದಲ್ಲಿ ರಕ್ತ ಯಾವ ಕಡೆ ಚಿಮ್ಮಿದೆ, ಹೊಡೆತ ಎಲ್ಲಿಂದ ಬಿದ್ದಿದೆ ಅಂತ ಹೇಳೋದು ಅವನ ಕೆಲಸ. ಅದು ಹಗಲಿನ ಕೆಲಸ. ರಾತ್ರಿಯಾದರೆ ಅವನೇ ಕೊಲೆಗಾರ.

ಮೂರು ವರ್ಷದ ಮಗುವಾಗಿದ್ದಾಗ ಕಣ್ಣೆದುರೇ ತಾಯಿಯ ಕೊಲೆ ನೋಡಿದವನು ಅವನು. ಸಾಕಿ ಬೆಳೆಸಿದ್ದು ಹ್ಯಾರಿ ಅನ್ನೋ ಪೊಲೀಸ್ ಅಧಿಕಾರಿ. ಹುಡುಗನಿಗೆ ಕೊಲ್ಲೋ ಚಟ ಇದೆ ಅಂತ ಗೊತ್ತಾದಾಗ ಸಾಕುತಂದೆ ಅವನಿಗೆ ನಿಯಮಗಳನ್ನ ಹಾಕಿಕೊಡ್ತಾನೆ. ಮೊದಲನೆಯದು, ಸಿಕ್ಕಿ ಬೀಳಬಾರದು. ಎರಡನೆಯದು, ಕಾನೂನಿನಿಂದ ತಪ್ಪಿಸಿಕೊಂಡ ಕೊಲೆಗಾರರನ್ನ ಬಿಟ್ಟು ನಿರಪರಾಧಿಯನ್ನ ಮುಟ್ಟಬಾರದು. ಈ ಎರಡನೇ ನಿಯಮ ಇದ್ದಿದ್ದಕ್ಕೇ ಪ್ರೇಕ್ಷಕರು ಒಬ್ಬ ಹಂತಕನ ಪರ ನಿಂತರು.

ಜೆಫ್ ಲಿಂಡ್ಸೆ ಅನ್ನೋ ಲೇಖಕರ 2004ರ ಕಾದಂಬರಿ ಇದಕ್ಕೆ ಮೂಲ. 2006ರ ಅಕ್ಟೋಬರ್‌ನಲ್ಲಿ ಶೋಟೈಮ್ ಅನ್ನೋ ಚಂದಾ ಚಾನೆಲ್‌ನಲ್ಲಿ ಶುರುವಾಗಿ 8 ಸೀಸನ್, 96 ಎಪಿಸೋಡ್ ಓಡಿತು. ಡೆಕ್ಸ್ಟರ್ ಪಾತ್ರ ಮಾಡಿದ್ದು ಮೈಕಲ್ ಸಿ. ಹಾಲ್.

ಮೊದಲ ಕೊನೆ: ಸಾಯಿಸೋಕೆ ಬಿಡಲಿಲ್ಲ

ಸೀರಿಯಲ್ ಉತ್ತುಂಗಕ್ಕೆ ಹೋಗಿದ್ದು 2009ರ ನಾಲ್ಕನೇ ಸೀಸನ್‌ನಲ್ಲಿ. ಟ್ರಿನಿಟಿ ಕಿಲ್ಲರ್ ಅನ್ನೋ ಹಂತಕನ ಪಾತ್ರದಲ್ಲಿ ಜಾನ್ ಲಿತ್ಗೋ ಬಂದರು. ಆ ಪಾತ್ರಕ್ಕೆ ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. ಸೀಸನ್ ಕೊನೆಗೆ ಡೆಕ್ಸ್ಟರ್ ಮನೆಗೆ ಬಂದು ನೋಡಿದರೆ ಹೆಂಡತಿ ರೀಟಾ ಹೆಣವಾಗಿದ್ದಾಳೆ, ಪುಟ್ಟ ಮಗ ಹ್ಯಾರಿಸನ್ ಆ ರಕ್ತದಲ್ಲಿ ಕೂತು ಅಳ್ತಿದ್ದಾನೆ. ಡೆಕ್ಸ್ಟರ್‌ಗೆ ಚಿಕ್ಕಂದಿನಲ್ಲಿ ಆದದ್ದೇ ಮಗನಿಗೂ ಆಯ್ತು. ಈ ದೃಶ್ಯವನ್ನ ಮರೆಯಬೇಡಿ, ಮುಂದೆ ಬೇಕಾಗುತ್ತೆ.

ಅಲ್ಲಿವರೆಗೆ ಸೀರಿಯಲ್ ನಡೆಸುತ್ತಿದ್ದ ಕ್ಲೈಡ್ ಫಿಲಿಪ್ಸ್ ಆ ಸೀಸನ್ ಮುಗಿಸಿ ಹೊರಬಂದರು. ಆಮೇಲೆ ಕಥೆ ನಿಧಾನಕ್ಕೆ ದಾರಿ ತಪ್ಪಿತು. 2013ರ ಸೆಪ್ಟೆಂಬರ್ 22ರಂದು ಕೊನೇ ಎಪಿಸೋಡ್. ಕೋಮಾದಲ್ಲಿದ್ದ ತಂಗಿ ಡೆಬ್ರಾಳ ಉಸಿರಾಟದ ಯಂತ್ರವನ್ನ ಡೆಕ್ಸ್ಟರ್ ತಾನೇ ನಿಲ್ಲಿಸಿ, ಹೆಣವನ್ನ ಸಮುದ್ರಕ್ಕೆ ಬಿಟ್ಟು, ಚಂಡಮಾರುತದೊಳಗೆ ದೋಣಿ ನುಗ್ಗಿಸ್ತಾನೆ. ಎಲ್ಲರೂ ಸತ್ತ ಅಂದುಕೊಳ್ಳುವಷ್ಟರಲ್ಲಿ ಗಡ್ಡ ಬಿಟ್ಟುಕೊಂಡು ದೂರದ ಊರಲ್ಲಿ ಮರ ಕಡಿಯೋ ಕೂಲಿಯಾಗಿ ಕಾಣಿಸ್ತಾನೆ. ಅಲ್ಲಿಗೆ ಶುಭಂ.

ಅಮೆರಿಕದಲ್ಲಿ ಆ ರಾತ್ರಿ 28 ಲಕ್ಷ ಜನ ಇದನ್ನ ನೋಡಿದರು. ಶೋಟೈಮ್‌ಗೆ ಅದು ಆಗಿನ ದಾಖಲೆ. ಬೈಗುಳವೂ ಅಷ್ಟೇ ಬಿತ್ತು. ಟಿವಿ ಇತಿಹಾಸದ ಕೆಟ್ಟ ಕೊನೆಗಳು ಅಂತ ಯಾರೇ ಪಟ್ಟಿ ಮಾಡಿದರೂ ಈ ಮರ ಕಡಿಯೋ ದೃಶ್ಯ ಅದರಲ್ಲಿ ಇದ್ದೇ ಇರುತ್ತೆ.

ಅಸಲಿ ಕಾರಣ ಏನು? ನಿರ್ಮಾಪಕರಲ್ಲಿ ಒಬ್ಬರಾದ ಜಾನ್ ಗೋಲ್ಡ್‌ವಿನ್ ಆಗಲೇ ಬಾಯಿ ಬಿಟ್ಟು ಹೇಳಿದ್ದರು: ಡೆಕ್ಸ್ಟರ್‌ನನ್ನ ಸಾಯಿಸಲು ಚಾನೆಲ್ ಬಿಡಲಿಲ್ಲ. ಕಥೆಗೆ ಸಾವು ಬೇಕಿತ್ತು, ಕಂಪನಿಗೆ ಪಾತ್ರ ಬೇಕಿತ್ತು. ಕಂಪನಿ ಗೆದ್ದಿತು.

ಎರಡನೇ ಕೊನೆ: ಮಗನ ಕೈಯಲ್ಲೇ ಸಾವು

ಎಂಟು ವರ್ಷದ ಮೇಲೆ ಕ್ಲೈಡ್ ಫಿಲಿಪ್ಸ್ ಅವರನ್ನೇ ವಾಪಸ್ ಕರೆಸಿ ‘ಡೆಕ್ಸ್ಟರ್: ನ್ಯೂ ಬ್ಲಡ್’ ಮಾಡಿದರು. 2021ರ ನವೆಂಬರ್‌ನಿಂದ 2022ರ ಜನವರಿವರೆಗೆ 10 ಎಪಿಸೋಡ್. ಡೆಕ್ಸ್ಟರ್ ಹಿಮ ಬೀಳೋ ಐರನ್ ಲೇಕ್ ಅನ್ನೋ ಕಾಲ್ಪನಿಕ ಊರಲ್ಲಿ ಹೆಸರು ಬದಲಿಸಿಕೊಂಡು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ದೊಡ್ಡವನಾದ ಮಗ ಹ್ಯಾರಿಸನ್ ಅಪ್ಪನನ್ನ ಹುಡುಕಿಕೊಂಡು ಬರ್ತಾನೆ.

ಕೊನೆಗೆ ಡೆಕ್ಸ್ಟರ್ ಸಿಕ್ಕಿ ಬೀಳ್ತಾನೆ. ಲಾಕಪ್‌ನಿಂದ ತಪ್ಪಿಸಿಕೊಳ್ಳೋಕೆ ಲೋಗನ್ ಅನ್ನೋ ಪೊಲೀಸ್‌ನವನನ್ನ ಕೊಲ್ತಾನೆ. ಲೋಗನ್ ಯಾವ ತಪ್ಪೂ ಮಾಡಿದವನಲ್ಲ. ಮೇಲಾಗಿ ಹ್ಯಾರಿಸನ್‌ಗೆ ಶಾಲೆಯಲ್ಲಿ ಕುಸ್ತಿ ಕಲಿಸುತ್ತಿದ್ದವನು. ಅಲ್ಲಿಗೆ ಎರಡನೇ ನಿಯಮ ಮುರಿದುಬಿತ್ತು. ಮಗ ಬಂದೂಕು ಎತ್ತುತ್ತಾನೆ. ಅಪ್ಪನೇ ಹೊಡಿ ಅಂತಾನೆ. ಹಿಮದ ಮೇಲೆ ಬೀಳ್ತಾನೆ.

ಇದನ್ನೂ ಒಪ್ಪದವರು ಬಹಳ ಜನ ಇದ್ದರು, ಕೊನೇ ಎಪಿಸೋಡ್‌ನಲ್ಲಿ ಎಲ್ಲ ಗಡಿಬಿಡಿ ಮಾಡಿದರು ಅಂತ. ಆದರೆ ಲೆಕ್ಕ ಮಾತ್ರ ಚುಕ್ತಾ ಆಗಿತ್ತು. ತಾಯಿಯ ರಕ್ತದಲ್ಲಿ ಕೂತಿದ್ದ ಮಗುವೇ ಬೆಳೆದು ಬಂದು ತೀರ್ಪು ಕೊಟ್ಟ ಹಾಗಾಯ್ತು.

ಹಾಗಾದ್ರೆ ಎಬ್ಬಿಸಿದ್ದು ಯಾಕೆ?

ನ್ಯೂ ಬ್ಲಡ್ ವಾರಕ್ಕೆ ಸರಾಸರಿ 80 ಲಕ್ಷ ಪ್ರೇಕ್ಷಕರನ್ನ ಮುಟ್ಟಿತು ಅಂತ ಶೋಟೈಮ್ ಹೇಳಿಕೊಂಡಿತು. ಟಿವಿ, ಆ್ಯಪ್, ಮರುಪ್ರಸಾರ ಎಲ್ಲ ಸೇರಿಸಿದ ಲೆಕ್ಕ ಅದು, ಹಾಗಾಗಿ ಹಳೇ 28 ಲಕ್ಷದ ಜೊತೆ ನೇರ ಹೋಲಿಸೋಕೆ ಬರಲ್ಲ. ಆದರೂ ಮುಗಿದು ಎಂಟು ವರ್ಷವಾದ ಸೀರಿಯಲ್‌ಗೆ ಇದು ದೊಡ್ಡ ಮೊತ್ತ. ಇಂಥ ಗಿರಾಕಿ ಇರೋ ಮಾಲನ್ನ ಯಾವ ಕಂಪನಿಯೂ ಗೋಡೌನ್‌ನಲ್ಲಿ ಕೊಳೆಯೋಕೆ ಬಿಡಲ್ಲ.

ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ಹೊಸ ಹೆಸರಿನ ಅಂಗಡಿ ತೆರೆದರೆ ಜನಕ್ಕೆ ಪರಿಚಯ ಆಗೋಕೇ ವರ್ಷ ಬೇಕು. ಪಾಂಪ್ಲೆಟ್ ಹಂಚಬೇಕು, ಆಫರ್ ಕೊಡಬೇಕು. ಮುಚ್ಚಿದ್ದ ಹಳೇ ಅಂಗಡಿಯನ್ನ ಅದೇ ಬೋರ್ಡ್‌ನಲ್ಲಿ ತೆರೆದರೆ ಮೊದಲ ದಿನವೇ ಹಳೇ ಗಿರಾಕಿಗಳು ಬಂದು ಬಗ್ಗಿ ನೋಡ್ತಾರೆ. ಒಟಿಟಿ ವ್ಯಾಪಾರವೂ ಹಾಗೇ. ತಿಂಗಳ ಚಂದಾದ ಮೇಲೆ ನಡೆಯೋದರಿಂದ ಜನ ಬರೋದಷ್ಟೇ ಸಾಲದು, ಬಿಟ್ಟು ಹೋಗಲೂಬಾರದು. ಹೊಸ ಡೆಕ್ಸ್ಟರ್ ಬಂದರೆ ಹೊಸಬರು ಹಳೇ 96 ಎಪಿಸೋಡ್ ನೋಡೋಕೆ ಕೂರ್ತಾರೆ. ಅಷ್ಟು ತಿಂಗಳು ಚಂದಾ ಓಡುತ್ತೆ. ಹಳೇ ಮಾಲೂ ಖರ್ಚಾಗುತ್ತೆ.

ಕನ್ನಡದಲ್ಲೂ ಈ ಪ್ರಯತ್ನ ಆಗಿದೆ. ಚಂದನ ವಾಹಿನಿಯಲ್ಲಿ 1998ರಲ್ಲಿ ಮನೆಮಾತಾಗಿದ್ದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ದ ಮುಂದುವರಿಕೆಯಾಗಿ ‘ಮತ್ತೆ ಮಾಯಾಮೃಗ’ 2022ರಲ್ಲಿ ಸಿರಿ ಕನ್ನಡದಲ್ಲಿ ಬಂತು. ಹಳೇ ಹೆಸರಿನ ಬಲ ಅಲ್ಲೂ ಇತ್ತು.

ಬೋರ್ಡ್ ಒಂದೇ ಸಾಲದು

ಆದರೆ ಬೋರ್ಡ್ ಹಾಕಿದ ಮಾತ್ರಕ್ಕೆ ಅಂಗಡಿ ನಿಲ್ಲಲ್ಲ ಅನ್ನೋದಕ್ಕೂ ಡೆಕ್ಸ್ಟರ್‌ದೇ ಉದಾಹರಣೆ ಇದೆ. 2024ರ ಡಿಸೆಂಬರ್‌ನಲ್ಲಿ ‘ಡೆಕ್ಸ್ಟರ್: ಒರಿಜಿನಲ್ ಸಿನ್’ ಬಂತು. 1991ರ ಮಯಾಮಿ, ಕಾಲೇಜು ಮುಗಿಸಿದ ಯುವ ಡೆಕ್ಸ್ಟರ್ ಕಥೆ. ಪಾತ್ರ ಮಾಡಿದ್ದು ಪ್ಯಾಟ್ರಿಕ್ ಗಿಬ್ಸನ್, ಒಳಮಾತಿಗೆ ಮಾತ್ರ ಮೈಕಲ್ ಸಿ. ಹಾಲ್ ದನಿ. 2025ರ ಏಪ್ರಿಲ್‌ನಲ್ಲಿ ಎರಡನೇ ಸೀಸನ್‌ಗೆ ಹಸಿರು ನಿಶಾನೆ ಸಿಕ್ಕಿತ್ತು. ಆಗಸ್ಟ್‌ನಲ್ಲಿ ಅದನ್ನೇ ರದ್ದು ಮಾಡಿದರು. ಶೋಟೈಮ್‌ನ ಮಾಲೀಕ ಕಂಪನಿ ಪ್ಯಾರಾಮೌಂಟ್, ಸ್ಕೈಡ್ಯಾನ್ಸ್ ಜೊತೆ ವಿಲೀನವಾಗಿದ್ದೂ ಅದೇ ತಿಂಗಳು.

ಅದೇ ಹೊತ್ತಿಗೆ ಓಡುತ್ತಿದ್ದ ‘ಡೆಕ್ಸ್ಟರ್: ರಿಸರೆಕ್ಷನ್’ ಮಾತ್ರ ಗೆದ್ದಿತು. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ 10 ಎಪಿಸೋಡ್ ಬಂದು, ಅಕ್ಟೋಬರ್‌ನಲ್ಲಿ ಎರಡನೇ ಸೀಸನ್ ಖಚಿತವಾಯ್ತು. ಎರಡಕ್ಕೂ ಕ್ಲೈಡ್ ಫಿಲಿಪ್ಸ್ ಅವರೇ ಸಾರಥಿ. ಹಾಗಿದ್ದರೆ ವ್ಯತ್ಯಾಸ ಏನು?

ಒಂದು, ಮುಖ. ಜನಕ್ಕೆ ಬೇಕಿದ್ದಿದ್ದು ಡೆಕ್ಸ್ಟರ್ ಅನ್ನೋ ಹೆಸರಿನಷ್ಟೇ ಮೈಕಲ್ ಸಿ. ಹಾಲ್ ಅವರ ಮುಖ.

ಎರಡು, ಹಳೇ ನಂಟು. ಕೋಮಾದಲ್ಲಿರೋ ಡೆಕ್ಸ್ಟರ್ ಕಣ್ಣ ಮುಂದೆ ಹಳೇ ಸೀಸನ್‌ಗಳಲ್ಲಿ ಸತ್ತವರು ಬರ್ತಾರೆ. ಟ್ರಿನಿಟಿ ಕಿಲ್ಲರ್ ಬರ್ತಾನೆ. ರೀಲ್ಸ್ ನೋಡೋ ಹುಡುಗರಿಗೆ ಮೀಮ್‌ನಿಂದಲೇ ಪರಿಚಯವಾದ, ಕಣ್ಣು ಕಿರಿದು ಮಾಡಿ ಅನುಮಾನದಿಂದ ನೋಡೋ ಸಾರ್ಜೆಂಟ್ ಡೋಕ್ಸ್ ಕೂಡ ಬರ್ತಾನೆ.

ಮೂರು, ಹೊಸ ಸರಕು. ಜಾಗ ನ್ಯೂಯಾರ್ಕ್. ಮಗ ಅಲ್ಲಿನ ಹೋಟೆಲ್‌ನಲ್ಲಿ ಕೆಲಸಕ್ಕಿದ್ದು, ತಾನೂ ಒಂದು ಕೊಲೆ ಮಾಡಿದ್ದಾನೆ. ಪೀಟರ್ ಡಿಂಕ್ಲೇಜ್ ಮಾಡಿರೋ ಲಿಯಾನ್ ಪ್ರೇಟರ್ ಅನ್ನೋ ಶ್ರೀಮಂತ, ಸರಣಿ ಹಂತಕರನ್ನ ಮನೆಗೆ ಕರೆದು ಊಟ ಹಾಕೋ ವಿಚಿತ್ರ ಆಸಾಮಿ. ಹಳೇ ಕಥೆಯನ್ನೇ ಬಿಸಿ ಮಾಡಿ ಬಡಿಸಲಿಲ್ಲ.

ಕಳೆದುಕೊಂಡಿದ್ದೇನು?

ಲಾಭದ ಜೊತೆ ನಷ್ಟವೂ ಇದೆ. ಹಿಮದ ಮೇಲೆ ಆದ ಸಾವು ಲೋಗನ್ ಕೊಲೆಗೆ ಸಿಕ್ಕ ಶಿಕ್ಷೆ ಆಗಿತ್ತು. ಗುಂಡು ತಗುಲಿದರೂ ಬದುಕಿದ ಅಂದಕೂಡಲೇ ಆ ಶಿಕ್ಷೆ ರದ್ದಾಯ್ತು. ಲೋಗನ್ ಮಾತ್ರ ಎದ್ದು ಬರಲಿಲ್ಲ.

ಇದು ಬರೀ ಕಥೆಯೊಳಗಿನ ಮಾತು ಅಂತ ತಳ್ಳಿಹಾಕೋಕೂ ಆಗಲ್ಲ. 2008ರಲ್ಲಿ ಹಾಲಿವುಡ್ ಲೇಖಕರ ಮುಷ್ಕರದಿಂದ ಹೊಸ ಕಾರ್ಯಕ್ರಮ ಇಲ್ಲದೆ, ಎಲ್ಲರಿಗೂ ಉಚಿತವಾಗಿ ಸಿಗೋ ಸಿಬಿಎಸ್ ಚಾನೆಲ್ ಡೆಕ್ಸ್ಟರ್‌ಗೆ ಕತ್ತರಿ ಹಾಕಿ ಪ್ರಸಾರ ಮಾಡಿದಾಗ ಪೋಷಕರ ಸಂಘಟನೆಯೊಂದು ಬಲವಾಗಿ ವಿರೋಧಿಸಿತ್ತು. ಕೊಲೆಗಾರನ ಪರ ಮನಸ್ಸು ವಾಲುವಂತೆ ಮಾಡ್ತಾರೆ ಅನ್ನೋದು ಅವರ ತಕರಾರು. ಅದೇ ವರ್ಷ ಕೆನಡಾದ ಎಡ್ಮಂಟನ್‌ನಲ್ಲಿ ಸಿನಿಮಾ ಮಾಡೋ ಹುಚ್ಚಿದ್ದ ಯುವಕನೊಬ್ಬ ಅಪರಿಚಿತನನ್ನ ಕರೆಸಿ ಕೊಂದ. ಫೇಸ್‌ಬುಕ್‌ನಲ್ಲಿ ಅವನು ಡೆಕ್ಸ್ಟರ್ ಮಾರ್ಗನ್ ಹೆಸರಲ್ಲೇ ಖಾತೆ ತೆರೆದಿದ್ದ. 2011ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯ್ತು. ಸೀರಿಯಲ್ ನೋಡಿದವರೆಲ್ಲ ಕೊಲೆಗಾರರಾಗಲ್ಲ, ಕೋಟ್ಯಂತರ ಜನ ನೋಡಿ ಟಿವಿ ಆಫ್ ಮಾಡಿ ಮಲಗಿದ್ದಾರೆ. ಆದರೆ ಇಂಥ ಕಥೆಯಲ್ಲಿ ಕೊನೆಗೆ ಏನಾಗುತ್ತೆ ಅನ್ನೋದಕ್ಕೆ ತೂಕ ಇದೆ.

ರಿಸರೆಕ್ಷನ್ ಬರೆದವರಿಗೂ ಇದು ಗೊತ್ತಿದ್ದ ಹಾಗಿದೆ. ಹಳೇ ಗೆಳೆಯ, ಪೊಲೀಸ್ ಅಧಿಕಾರಿ ಏಂಜೆಲ್ ಬಟಿಸ್ಟಾ ಸತ್ಯ ತಿಳಿದು ಡೆಕ್ಸ್ಟರ್ ಹಿಂದೆ ಬೀಳ್ತಾನೆ. ಸೀಸನ್ ಮುಗಿಯೋ ಹೊತ್ತಿಗೆ ಪ್ರೇಟರ್ ಗುಂಡಿಗೆ ಬಲಿಯಾಗ್ತಾನೆ. ಸಾಯೋ ಗಳಿಗೆಯಲ್ಲೂ ಅವನು ಡೆಕ್ಸ್ಟರ್‌ನನ್ನ ಕ್ಷಮಿಸಲ್ಲ, ಶಪಿಸಿಯೇ ಕಣ್ಣು ಮುಚ್ತಾನೆ. ಇಡೀ ಸೀಸನ್‌ನಲ್ಲಿ ಡೆಕ್ಸ್ಟರ್‌ಗೆ ಬಿದ್ದ ನಿಜವಾದ ಪೆಟ್ಟು ಅದೊಂದೇ.

ನೋಡೋದಾದ್ರೆ ಯಾವ ಕ್ರಮ?

ಹೊಸದಾಗಿ ಶುರು ಮಾಡೋರು ಮೊದಲ ನಾಲ್ಕು ಸೀಸನ್ ತಪ್ಪಿಸಬೇಡಿ. ಐದರಿಂದ ಎಂಟರವರೆಗೆ ತಾಳ್ಮೆ ಬೇಕು. ಆಮೇಲೆ ನ್ಯೂ ಬ್ಲಡ್, ಅದಾದ ಮೇಲೆ ರಿಸರೆಕ್ಷನ್. ಒರಿಜಿನಲ್ ಸಿನ್ ನೋಡದಿದ್ದರೂ ಕಥೆ ಕಡಿದುಹೋಗಲ್ಲ.

ಮಕ್ಕಳಿರೋ ಮನೆಯವರಿಗೆ ಒಂದು ಮಾತು. ಇದು ದೊಡ್ಡವರ ಸೀರಿಯಲ್, ರಕ್ತಪಾತ ಬಹಳ. ದೇಶದ 2021ರ ಐಟಿ ನಿಯಮಗಳ ಪ್ರಕಾರ ಒಟಿಟಿಗಳು ವಯಸ್ಸಿನ ಗುರುತು ಹಾಕಬೇಕು, ಯು/ಎ 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೋಷಕರ ಲಾಕ್ ಸೌಲಭ್ಯ ಕೊಡಬೇಕು. ಲಾಕ್ ಇದೆ, ಆನ್ ಮಾಡೋ ಕೆಲಸ ಮನೆಯವರದು.

ರಿಸರೆಕ್ಷನ್ ಎರಡನೇ ಸೀಸನ್ ಬಂದಾಗ ಹಳೇ ಗಿರಾಕಿಗಳು ಮತ್ತೆ ಬರ್ತಾರೆ, ಅದರಲ್ಲಿ ಅನುಮಾನ ಇಲ್ಲ. 2013ರಲ್ಲಿ ಡೆಕ್ಸ್ಟರ್‌ನನ್ನ ಸಾಯಿಸೋಕೆ ಕಂಪನಿ ಬಿಡಲಿಲ್ಲ. 2022ರಲ್ಲಿ ಬಿಟ್ಟು, ಆಮೇಲೆ ತಾನೇ ಎಬ್ಬಿಸಿತು. ಮೂರನೇ ಸಲ ಆ ಲೆಕ್ಕ ಮುಗಿಸೋಕೆ ಕಥೆ ಬರೆಯೋರಿಗೆ ಬಿಡ್ತಾರಾ ಅನ್ನೋದೇ ಈಗಿರೋ ಪ್ರಶ್ನೆ.