ಪ್ರತಿಭೆ ಇದ್ದೂ ತಂಡ ಸೋಲುವುದೇಕೆ?

ಅಭ್ಯಾಸ ಬೋಧನೆಯ ಮೊದಲ ವಾರ ಕಳೆದ ಮೇಲೆ ನಡೆಯುವ ವಿಮರ್ಶಾ ಸಭೆಯಲ್ಲಿ ಒಂದು ಮಾತು ಪ್ರತಿವರ್ಷವೂ ಕೇಳಿಬರುತ್ತದೆ: "ಸೂಕ್ಷ್ಮಬೋಧನೆಯಲ್ಲಿ ಚೆನ್ನಾಗಿ ಮಾಡುತ್ತಿದ್ದರು, ತರಗತಿಗೆ ಹೋದ ಮೇಲೆ ಏಕೋ ಆಗಲಿಲ್ಲ." ಆ "ಏಕೋ" ಎಂಬ ಪದದ ಹಿಂದೆ ಏನಿದೆ ಎಂದು ನಾವು ಹೆಚ್ಚು ಯೋಚಿಸುವುದಿಲ್ಲ. ಪ್ರಶಿಕ್ಷಣಾರ್ಥಿಯ ಸಾಮರ್ಥ್ಯ ಕಡಿಮೆ ಎಂದೋ, ತಯಾರಿ ಸಾಲದು ಎಂದೋ ಬರೆದು ಅವಲೋಕನ ಪುಸ್ತಕ ಮುಚ್ಚುತ್ತೇವೆ. ಇಲ್ಲಿ ಆಟದ ಅಂಗಳದ ಒಂದು ಉದಾಹರಣೆ ಹಿಡಿದು ಆ ಪದವನ್ನು ಬಿಡಿಸಲು ಪ್ರಯತ್ನಿಸಿದೆ.

ನಡೆದದ್ದೇನು?

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪುರುಷರ ಬಾಸ್ಕೆಟ್‌ಬಾಲ್ ತಂಡ ಎಂಟು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ. 2019-20ರಲ್ಲಿ ಅದು 25 ಪಂದ್ಯ ಗೆದ್ದು ಕೇವಲ 6 ಸೋತಿತ್ತು. ಮರುವರ್ಷ, ಅಂದರೆ 2020-21ರಲ್ಲಿ, ದೇಶದ ಅತ್ಯುತ್ತಮ ಪ್ರೌಢಶಾಲಾ ಆಟಗಾರರಲ್ಲಿ ಹಲವರು ಅಲ್ಲಿಗೇ ಬಂದು ಸೇರಿದರು. ತರಬೇತುದಾರರು ಜಾನ್ ಕ್ಯಾಲಿಪರಿ, 2012ರಲ್ಲಿ ಅದೇ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟವರು. ಆದರೂ ಮೊದಲ ಪಂದ್ಯ ಗೆದ್ದ ಮೇಲೆ ತಂಡ ಸತತ ಆರು ಪಂದ್ಯ ಸೋತಿತು. ಋತು ಮುಗಿಯುವ ಹೊತ್ತಿಗೆ ಲೆಕ್ಕ 9 ಗೆಲುವು, 16 ಸೋಲು. 1926-27ರ ನಂತರ ಆ ತಂಡ ಅಷ್ಟು ಕೆಟ್ಟ ವರ್ಷವನ್ನು ಕಂಡಿರಲಿಲ್ಲ.

ಸಾಮರ್ಥ್ಯದ ಕೊರತೆಯೇ?

ಮೊದಲು ಹೊಳೆಯುವ ಕಾರಣ ಇದು: ಹುಡುಗರಲ್ಲಿ ಹೇಳಿದಷ್ಟು ಸತ್ವ ಇರಲಿಲ್ಲ. ಇದನ್ನು ಒಂದು ಪಂದ್ಯದಿಂದ ಪರೀಕ್ಷಿಸೋಣ. 2020ರ ಡಿಸೆಂಬರ್ 12ರಂದು ನಾಟರ್ ಡೇಮ್ ತಂಡದ ವಿರುದ್ಧ ಮೊದಲರ್ಧದಲ್ಲಿ ಕೆಂಟಕಿ 26-48ರಿಂದ ಹಿಂದಿತ್ತು. ದ್ವಿತೀಯಾರ್ಧದಲ್ಲಿ ಅದೇ ಹುಡುಗರು ಎದುರಾಳಿಗೆ ಕೇವಲ 16 ಅಂಕ ಬಿಟ್ಟುಕೊಟ್ಟು ತಾವು 37 ಗಳಿಸಿದರು. ಆದರೂ 63-64ರಿಂದ ಸೋತರು. ಸತ್ವವೇ ಇಲ್ಲದ ತಂಡ 22 ಅಂಕಗಳ ಅಂತರವನ್ನು ಒಂದಕ್ಕೆ ಇಳಿಸಲಾರದು. ಆ ಆರು ಸೋಲುಗಳಲ್ಲಿ ಇನ್ನೆರಡು, ಕ್ಯಾನ್ಸಸ್ ಮತ್ತು ಲೂಯಿವಿಲ್ ವಿರುದ್ಧದವು, ಬರೀ ಮೂರು ಮೂರು ಅಂಕಗಳವು. ಶಕ್ತಿ ಇತ್ತು, ಬೇಕಾದಾಗ, ಬೇಕಾದಷ್ಟು ಹೊತ್ತು ಅದು ಒದಗಿ ಬರುತ್ತಿರಲಿಲ್ಲ.

ಕೊರೊನಾ ಕಾರಣವೇ?

ಎರಡನೆಯ ಕಾರಣವಾಗಿ ಸಾಂಕ್ರಾಮಿಕವನ್ನು ಹೇಳಬಹುದು. ಬೇಸಿಗೆಯ ಸಾಮೂಹಿಕ ಅಭ್ಯಾಸ ಮೊಟಕಾಯಿತು, ಋತು ನವೆಂಬರ್ 25ಕ್ಕೆ ಮುಂದೂಡಲ್ಪಟ್ಟಿತು. ಇದೆಲ್ಲ ನಿಜ. ಆದರೆ ಈ ತೊಂದರೆ ಎಲ್ಲ ತಂಡಗಳಿಗೂ ಇತ್ತಲ್ಲ? ಎಲ್ಲರಿಗೂ ಸಮಾನವಾದ ಕಾರಣವೊಂದೇ ಒಬ್ಬರ ಸೋಲನ್ನು ವಿವರಿಸಲಾರದು. ಅದೇ ವರ್ಷ ಬೇಲರ್ ವಿಶ್ವವಿದ್ಯಾಲಯ ಫೈನಲ್‌ನಲ್ಲಿ ಗೊನ್ಜಾಗಾವನ್ನು 86-70ರಿಂದ ಸೋಲಿಸಿ ಚಾಂಪಿಯನ್ ಆಯಿತು. ಬೇಲರ್‌ನ ಮುಖ್ಯ ಆಟಗಾರರು ಹಿಂದಿನ ವರ್ಷವೂ ಜೊತೆಯಾಗಿ ಆಡಿದ್ದವರು. ಅವರಿಗೆ ಕಳೆದುಹೋದದ್ದು ಪುನರಾವರ್ತನೆಯ ಸಮಯ. ಕೆಂಟಕಿಗೆ ಕಳೆದುಹೋದದ್ದು ಮೊದಲ ಪಾಠದ ಸಮಯ. ಹೊಸಬರನ್ನೇ ಹೆಚ್ಚಾಗಿ ನಂಬಿದ್ದ ಡ್ಯೂಕ್ ವಿಶ್ವವಿದ್ಯಾಲಯವೂ ಆ ವರ್ಷ 13-11ಕ್ಕೆ ನಿಂತು, 1995ರ ನಂತರ ಮೊದಲ ಬಾರಿ ರಾಷ್ಟ್ರೀಯ ಟೂರ್ನಿಯಿಂದ ಹೊರಗುಳಿಯಿತು. ಕಾರಣದ ಎಳೆ ಇಲ್ಲಿ ಸಿಗುತ್ತದೆ.

ಜೊತೆಗೂಡಿ ಕಲಿಯದ ಕೌಶಲ

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 2005ರಲ್ಲಿ ಒಂದು ನಿಯಮ ಒಪ್ಪಿಕೊಂಡಿತು: ಅಲ್ಲಿನ ಆಟಗಾರರಿಗೆ ಆಯ್ಕೆಯ ವರ್ಷ 19 ತುಂಬಬೇಕು, ಪ್ರೌಢಶಾಲೆ ಮುಗಿದು ಒಂದು ವರ್ಷವಾದರೂ ಕಳೆದಿರಬೇಕು. ಹಾಗಾಗಿ ಅತಿ ಪ್ರತಿಭಾವಂತರು ಕಾಲೇಜಿನಲ್ಲಿ ಒಂದೇ ವರ್ಷ ಆಡಿ ಹೊರಟುಬಿಡುವುದು ರೂಢಿಯಾಯಿತು. ಇಂಥವರನ್ನೇ ಆರಿಸಿಕೊಂಡ ಕೆಂಟಕಿಯಲ್ಲಿ ತಂಡ ಪ್ರತಿವರ್ಷ ಹೊಸದಾಗುತ್ತಿತ್ತು. 2020ರಲ್ಲಂತೂ ಹಿಂದಿನ ವರ್ಷ ನಿಯಮಿತವಾಗಿ ಆಡಿದ್ದವರಲ್ಲಿ ಉಳಿದವರು ಒಬ್ಬರೇ, ಕಿಯಾನ್ ಬ್ರೂಕ್ಸ್. ಗಾಯಗೊಂಡಿದ್ದ ಅವರೂ ಜನವರಿಯವರೆಗೆ ಅಂಗಳಕ್ಕಿಳಿಯಲಿಲ್ಲ. ಬೇರೆ ಕಾಲೇಜುಗಳಿಂದ ಬಂದ ಹಿರಿಯರಿದ್ದರು, ಆದರೆ ಈ ತಂಡಕ್ಕೆ ಅವರೂ ಹೊಸಬರೇ.

ಹೊಸಬರಾದರೆ ಏನಾಗುತ್ತದೆ? ಬಾಸ್ಕೆಟ್‌ಬಾಲ್‌ನ ರಕ್ಷಣಾ ಆಟವನ್ನು ನೋಡಿ. ಎದುರಾಳಿಯೊಬ್ಬ ತನ್ನ ಕಾವಲಿನವನನ್ನು ದಾಟಿ ಬುಟ್ಟಿಯತ್ತ ನುಗ್ಗಿದಾಗ ಪಕ್ಕದವನು ಬಂದು ಅಡ್ಡ ನಿಲ್ಲಬೇಕು. ಅವನು ಬಂದರೆ ಅವನು ಕಾಯುತ್ತಿದ್ದವನು ಬಯಲಾಗುತ್ತಾನೆ. ಆ ಜಾಗಕ್ಕೆ ಮೂರನೆಯವನು ಸರಿಯಬೇಕು. ಕ್ಷಣಮಾತ್ರದಲ್ಲಿ ಮೂವರು ಸ್ಥಾನ ಬದಲಿಸಬೇಕು, ಕೇಳಿ ತಿಳಿದುಕೊಳ್ಳಲು ಸಮಯವಿಲ್ಲ. ಒಬ್ಬನು ಅರೆಕ್ಷಣ ತಡೆದರೂ ಎದುರಾಳಿಗೆ ತೆರೆದ ಹೊಡೆತ ಸಿಗುತ್ತದೆ. ಚೆಂಡು ಕೊಡುವಲ್ಲಿಯೂ ಹೀಗೆಯೇ: ಜೊತೆಗಾರ ಈಗ ನಿಂತಿರುವ ಜಾಗಕ್ಕಲ್ಲ, ಅವನು ತಲುಪಲಿರುವ ಜಾಗಕ್ಕೆ ಚೆಂಡು ಹೋಗಬೇಕು. ಎಸೆತ, ಓಟ, ಜಿಗಿತಗಳನ್ನು ಒಬ್ಬೊಬ್ಬರೇ ಕಲಿಯಬಹುದು. ಈ ಹೊಂದಾಣಿಕೆಯನ್ನು ಜೊತೆಯಲ್ಲಿ ಆಡಿಯೇ ಕಲಿಯಬೇಕು.

ಹೊಸಬರು ಗೆದ್ದದ್ದೇ ಇಲ್ಲವೇ ಎಂದು ಕೇಳಬಹುದು. 2012ರ ಕೆಂಟಕಿ 38 ಗೆದ್ದು 2 ಸೋತು ಚಾಂಪಿಯನ್ ಆದಾಗ ಅದರ ತಾರೆ ಆಂಥನಿ ಡೇವಿಸ್ ಮೊದಲ ವರ್ಷದ ವಿದ್ಯಾರ್ಥಿ. ಆದರೆ ಅವರ ಜೊತೆಗೆ ಅಂತಿಮ ವರ್ಷದ ಡೇರಿಯಸ್ ಮಿಲ್ಲರ್, ಎರಡನೆಯ ವರ್ಷದ ಟೆರೆನ್ಸ್ ಜೋನ್ಸ್ ಮತ್ತು ಡೋರನ್ ಲ್ಯಾಂಬ್ ಇದ್ದರು. ಹಳೆ ಬೇರು ಹೊಸ ಚಿಗುರು ಕೂಡಿದ್ದವು.

ಇನ್ನೊಂದು ಸಂಗತಿಯೂ ಇದೆ. ಜನವರಿ 2ರಂದು ಮಿಸಿಸಿಪಿ ಸ್ಟೇಟ್ ವಿರುದ್ಧ ಸೋಲಿನ ಸರಣಿ ಮುರಿದದ್ದು ಎರಡು ಹೆಚ್ಚುವರಿ ಅವಧಿಗಳ ನಂತರ, 78-73ರಿಂದ. ಆ ದಿನ 23 ಅಂಕ ಗಳಿಸಿದವರು ಡಾಂಟೇ ಆ್ಯಲನ್. ಅದೇ ರಾಜ್ಯದ ಹುಡುಗ, ಹಿಂದಿನ ವರ್ಷದಿಂದ ತಂಡದಲ್ಲೇ ಇದ್ದರು. ಅಲ್ಲಿಯವರೆಗೆ ಹೆಚ್ಚು ಹೊತ್ತು ಕಳೆದದ್ದು ಬೆಂಚಿನ ಮೇಲೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಅಲ್ಲಿಗೂ ಸಲ್ಲುತ್ತದೆ.

ನಮ್ಮ ತರಗತಿಗೆ

ಸೂಕ್ಷ್ಮಬೋಧನೆಯಲ್ಲಿ ನಾವು ಪೀಠಿಕೆ, ಪ್ರಶ್ನಿಸುವಿಕೆ, ಉದಾಹರಣೆ ನೀಡಿಕೆ, ಕಪ್ಪುಹಲಗೆ ಬಳಕೆ ಎಂದು ಕೌಶಲಗಳನ್ನು ಬಿಡಿಬಿಡಿಯಾಗಿ ಕಲಿಸುತ್ತೇವೆ. ಎದುರಿಗೆ ಕೂತವರು ಸಹಪಾಠಿಗಳು, ಬೇಕಾದ ಉತ್ತರವನ್ನೇ ಕೊಡುವವರು. ಶಾಲೆಯ ಮಗು ತಪ್ಪು ಉತ್ತರ ಕೊಟ್ಟ ಕ್ಷಣದಲ್ಲಿ ಪ್ರಶ್ನೆ ಬದಲಿಸಬೇಕು, ಹಲಗೆಯ ಮೇಲಿನದನ್ನು ತೋರಿಸಬೇಕು, ಹಿಂದಿನ ಬೆಂಚಿನ ಗದ್ದಲದ ಮೇಲೆ ಕಣ್ಣಿಡಬೇಕು, ಎಲ್ಲವೂ ಒಟ್ಟಿಗೆ. ಬಿಡಿ ಕೌಶಲ ಬಂದವರಿಗೆ ಇದು ತಾನಾಗಿ ಬರುವುದಿಲ್ಲ. ಕೂಡಿಸುವುದೂ ಬೇರೆಯೇ ಒಂದು ಕಲಿಕೆ, ಅದಕ್ಕೂ ಸಮಯ ಬೇಕು. ಹಾಗಾಗಿ ಮೂರು ಸಲಹೆಗಳು:

1. ಸೂಕ್ಷ್ಮಬೋಧನೆಗೂ ಪೂರ್ಣ ಪಾಠಕ್ಕೂ ನಡುವೆ ಎರಡು ಮೂರು ಕೌಶಲಗಳನ್ನು ಬೆಸೆಯುವ ಪಾಠಗಳನ್ನು ತಪ್ಪದೆ ಮಾಡಿಸಬೇಕು. ದಿನಗಳು ಸಾಲದಾದಾಗ ನಾವು ಮೊದಲು ಕೈಬಿಡುವುದು ಇವನ್ನೇ.

2. ಪ್ರಶಿಕ್ಷಣಾರ್ಥಿಗಳನ್ನು ಶಾಲೆಗೆ ಕಳುಹಿಸುವಾಗ ಆ ತರಗತಿಯನ್ನು ಬಲ್ಲ ಶಿಕ್ಷಕರೊಬ್ಬರು ಜೊತೆಗಿರಬೇಕು. ಅವರು ಸಹಿ ಹಾಕುವುದಕ್ಕಷ್ಟೇ ಸೀಮಿತರಾಗಬಾರದು, ಒಂದೆರಡು ಪಾಠಗಳನ್ನು ಜೊತೆಗೂಡಿ ಮಾಡಬೇಕು.

3. ಅವಲೋಕನದಲ್ಲಿ "ಪಾಠ ವಿಫಲ" ಎಂದು ಬರೆಯುವ ಮೊದಲು ನಾಟರ್ ಡೇಮ್ ಪಂದ್ಯದಂತೆ ಎರಡೂ ಅರ್ಧಗಳನ್ನು ನೋಡಬೇಕು. ಯಾವ ನಿಮಿಷದಲ್ಲಿ ಪಾಠ ಕೈತಪ್ಪಿತು, ಯಾವಾಗ ಹಿಡಿತಕ್ಕೆ ಬಂತು ಎಂದು ಗುರುತಿಸಿದರೆ ಹಿಮ್ಮಾಹಿತಿಗೆ ಅರ್ಥ ಬರುತ್ತದೆ.

ಕೊನೆಗೊಂದು ಎಚ್ಚರಿಕೆ. ಮರುವರ್ಷ ಕೆಂಟಕಿ ಅನುಭವಿ ಆಟಗಾರರನ್ನು ಸೇರಿಸಿಕೊಂಡು 26 ಪಂದ್ಯ ಗೆದ್ದಿತು. ಆದರೆ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ ಸೇಂಟ್ ಪೀಟರ್ಸ್ ಎಂಬ ಸಣ್ಣ ಕಾಲೇಜಿಗೆ ಸೋತಿತು. ಅನುಭವ ಒಂದು ಋತುವನ್ನು ಎತ್ತಿ ಹಿಡಿಯಬಹುದು, ಒಂದು ದಿನದ ಭರವಸೆ ಕೊಡಲಾರದು. ನಾವು ಪ್ರಶಿಕ್ಷಣಾರ್ಥಿಗಳಿಗೆ ಅಂಕ ಕೊಡುವುದು ಬಹುಪಾಲು ಒಂದೆರಡು ದಿನದ ಪಾಠ ನೋಡಿಯೇ. ಆ ಅಂಕ ಅವರ ನೌಕರಿಯವರೆಗೂ ಹಿಂಬಾಲಿಸುತ್ತದೆ ಎಂಬುದನ್ನು ಪೆನ್ನು ಹಿಡಿದಾಗ ನೆನಪಿಟ್ಟುಕೊಳ್ಳೋಣ.