ನೆಟ್ಟಗೆ ನಿಲ್ಲಿಸಿದ್ದಕ್ಕೂ ದಂಡ!

ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಎಂ.ಎಸ್. ಪದವಿ ಪ್ರದಾನಕ್ಕೆ ಅಂತ ನಾವು ಮನೆಯವರೆಲ್ಲ ಕ್ಯಾಲಿಫೋರ್ನಿಯಾಗೆ ಹೋಗಿದ್ವಿ. ಸ್ಯಾನ್ ಫ್ರಾನ್ಸಿಸ್ಕೋ ನೋಡಲೇಬೇಕಿತ್ತು. ಆದ್ರೆ ಅಮ್ಮನಿಗೆ ಮಂಡಿನೋವು, ಆ ಊರೋ ಬರೀ ಏರು-ಇಳಿಜಾರು. ಹಾಗಾಗಿ ಎರಡು ದಿನಕ್ಕೆ ಬಾಡಿಗೆ ಕಾರು ತಗೊಂಡ್ವಿ. ಓಡಿಸಿದ್ದು ಅಣ್ಣ. ನಮ್ಮ ವಯಸ್ಸಿನವರಿಗೆ ಅಲ್ಲಿ ಕಾರು ಸಿಗೋದೇ ಕಷ್ಟ. ಹೆಚ್ಚಿನ ಕಂಪನಿಗಳು 21 ತುಂಬಿರಬೇಕು ಅಂತಾವೆ, 25ರ ಒಳಗಿದ್ರೆ ದಿನಕ್ಕಿಷ್ಟು ಅಂತ ಹೆಚ್ಚುವರಿ ದುಡ್ಡು ಬೇರೆ. ಅಣ್ಣನಿಗೆ 24. ಕಟ್ಟಿದ್ವಿ.

ಓಡಿಸೋದು ನಾವು ಹೆದರಿದಷ್ಟು ಕಷ್ಟ ಆಗ್ಲಿಲ್ಲ. ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರೋ ಸರ್ಕಲ್‌ನಲ್ಲಿ ಮೊದಲು ಬಂದವರು ಮೊದಲು ಹೋಗ್ತಾರೆ, ಯಾರೂ ಹಾರ್ನ್ ಹೊಡೆಯಲ್ಲ. (ಇದನ್ನ ಸಿಲ್ಕ್ ಬೋರ್ಡ್‌ನಲ್ಲಿ ಊಹಿಸ್ಕೊಳ್ಳಿ!) ಕಷ್ಟ ಇರೋದು ನಿಲ್ಲಿಸೋದ್ರಲ್ಲಿ.

ಲೊಂಬಾರ್ಡ್ ಸ್ಟ್ರೀಟಿನ 8 ತಿರುವುಗಳನ್ನ ಇಳಿದು, ಹತ್ತಿರದ ಇನ್ನೊಂದು ಇಳಿಜಾರು ಬೀದಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯೋಕೆ ಹೋದ್ವಿ. ವಾಪಸ್ ಬಂದ್ರೆ ವೈಪರ್ ಕೆಳಗೆ ದಂಡದ ಚೀಟಿ. ಹ್ಯಾಂಡ್ ಬ್ರೇಕ್ ಹಾಕಿತ್ತು, ಗೇರ್ ಪಾರ್ಕ್‌ನಲ್ಲೇ ಇತ್ತು. ಮತ್ತೆ ತಪ್ಪೇನು? ಮುಂದಿನ ಚಕ್ರ ನೆಟ್ಟಗಿತ್ತು!

"ಅಲ್ಲ ಕಣೋ, ನೆಟ್ಟಗೆ ನಿಲ್ಲಿಸಿದ್ದಕ್ಕೂ ದಂಡಾನಾ?" ಅಂದ್ರು ಅಮ್ಮ. ಅವತ್ತಿನ ಹೋಟೆಲ್ ಊಟದ ದುಡ್ಡು ಆ ಚೀಟಿಗೇ ಹೋಯ್ತು.

ಕೋಪ ಇಳಿದ ಮೇಲೆ ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಾಯ್ತು. ಅಲ್ಲಿನ ಫಿಲ್ಬರ್ಟ್ ಸ್ಟ್ರೀಟಿನ ಒಂದು ಭಾಗದ ಇಳಿಜಾರು 31.5%, ಅಂದ್ರೆ ಸುಮಾರು 17.5 ಡಿಗ್ರಿ. ಫ್ರೀ ಬಾಡಿ ಡಯಾಗ್ರಾಂ ಬರೀರಿ: 1500 ಕೆಜಿ ಕಾರನ್ನ ಸುಮಾರು 450 ಕೆಜಿ ತೂಕದಷ್ಟು ಬಲ ಸದಾ ಕೆಳಕ್ಕೆ ಎಳೀತಾ ಇರುತ್ತೆ. ಬ್ರೇಕ್ ಕೈಕೊಟ್ರೆ ಕಾರನ್ನ ತಡೆಯೋದು ಫುಟ್‌ಪಾತಿನ ಅಂಚುಕಲ್ಲು ಮಾತ್ರ. ಅದಕ್ಕೇ ಈ ಊರಲ್ಲಿ ಇಳಿಜಾರು 3% ದಾಟಿದ್ರೆ ಚಕ್ರ ತಿರುಗಿಸಿಯೇ ನಿಲ್ಲಿಸ್ಬೇಕು. ಕಾರಿನ ಮುಖ ಕೆಳಕ್ಕಿದ್ರೆ ಚಕ್ರ ಫುಟ್‌ಪಾತ್ ಕಡೆಗೆ. ಮೇಲಕ್ಕಿದ್ರೆ ರಸ್ತೆ ಕಡೆಗೆ. ಆಗ ಕಾರು ಹಿಂದಕ್ಕೆ ಜಾರಿದ್ರೂ ಚಕ್ರದ ಹಿಂಭಾಗ ಕಲ್ಲಿಗೆ ಒರಗಿ ನಿಲ್ಲುತ್ತೆ. ಎಷ್ಟು ಸಿಂಪಲ್! ಪರೀಕ್ಷೆಗೆ ಕೇಳಿದ್ರೆ ಬರೀತಿದ್ವಿ, ರಸ್ತೆಯಲ್ಲಿ ಹೊಳೀಲಿಲ್ಲ.

ಅಂಚುಕಲ್ಲಿನ ಬಣ್ಣಾನೂ ನೋಡ್ಬೇಕು. ಕೆಂಪು ಇದ್ರೆ ನಿಲ್ಲಿಸೋ ಹಾಗೇ ಇಲ್ಲ, ಹಸಿರು ಇದ್ರೆ ಸ್ವಲ್ಪ ಹೊತ್ತು ಮಾತ್ರ, ನೀಲಿ ಅಂಗವಿಕಲರಿಗೆ. ಬ್ಯಾಗ್ ಅಂತೂ ಸೀಟಿನ ಮೇಲೆ ಬಿಡಲೇಬೇಡಿ, ಗಾಜು ಒಡೆದು ಕದಿಯೋರಿದ್ದಾರೆ.

ಮರುದಿನ ಗೋಲ್ಡನ್ ಗೇಟ್ ದಾಟಿದ್ವಿ. 1937ರ ಸೇತುವೆ, ಎರಡು ಗೋಪುರಗಳ ನಡುವೆ 1280 ಮೀಟರ್. ಟೋಲ್ ಇರೋದು ಊರೊಳಗೆ ಬರುವಾಗ ಮಾತ್ರ. ಬೂತಿನಲ್ಲಿ ದುಡ್ಡು ತಗೊಳ್ಳೋರು ಯಾರೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತೆ. ಬಾಡಿಗೆ ಕಾರಾದ್ರೆ ಬಿಲ್ ಮೊದಲು ಕಂಪನಿಗೆ ಹೋಗಿ, ಅವರ ಶುಲ್ಕಾನೂ ಸೇರಿ ನಮ್ಮ ತಲೆಗೆ ಬರಬಹುದು. ಕಾರು ತಗೊಳ್ಳುವಾಗಲೇ ಕೇಳಿಕೊಳ್ಳಿ.

ಅವತ್ತು ಪೂರ್ತಿ, ಕಾರು ಎಲ್ಲೇ ನಿಂತ್ರೂ ಅಮ್ಮ ಮೊದಲು ಚಕ್ರ ನೋಡಿ, ಆಮೇಲೆ ಊರು ನೋಡ್ತಿದ್ರು.